ಮುಟ್ಟಿದ ಕಾಯಿ

ಪ್ರೀತಿಯ ಮೂರನೇ ಬೋರ್ಡಿಗೆ,

ಕೇಳಿಸ್ತಾ?

ಫೋನಿನಲ್ಲಿ ಯಾವಾಗಲೂ ನೀನೇ ಮೊದಲು ಕೇಳುವ ಮಾತು ಇದು. ಇವತ್ತು ನಾನು ಕೇಳುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಬಹುದಿತ್ತು, ನಿಜ. ಆದರೂ ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ. ಯಾಕೆ ಅಂತ ನಿನಗೆ ಓದುತ್ತಾ ಗೊತ್ತಾಗುತ್ತದೆ. ನನಗೂ ಬರೆಯುತ್ತಾ ಗೊತ್ತಾಗಬಹುದು.

ಮೊದಲು ಒಳ್ಳೆಯ ಸುದ್ದಿ. ಗೆದ್ದೆ. ಚೆಸ್ ಪಂದ್ಯದ ಕೊನೆಯ ಸುತ್ತು, ನನಗೆ ಬಿಳಿ ಕಾಯಿ, ಮೊದಲ ನಡೆ ಸಿ4, ಅಂದರೆ ಪಾನನ್ನು (ಕಾಲಾಳನ್ನು) ಸಿ4 ಅನ್ನುವ ಮನೆಗೆ ಇಟ್ಟೆ. ನಡುವಿನ ಪಾನ್ ಬಿಟ್ಟು ಪಕ್ಕದಿಂದ ಶುರು ಮಾಡುವ ಹಿತ್ತಲ ಬಾಗಿಲು! ನೀನು ಈಗ ಏನು ಹೇಳುತ್ತೀಯ ಅಂತಲೂ ಗೊತ್ತು. ಡೆನ್ಮಾರ್ಕಿನ ಆಟಗಾರ ಲಾರ್ಸನ್ ಅನ್ನುತ್ತೀಯ. 1970, ಬೆಲ್‌ಗ್ರೇಡ್, ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ ಎದುರು 17 ನಡೆಗೆ ಮುಗಿದುಹೋದ ಆಟ. ಲಾರ್ಸನ್ ಬಿ3 ಆಡಿ ಮೂಲೆಯಿಂದ ಶುರು ಮಾಡಿದರು, ಸ್ಪಾಸ್ಕಿ 14ನೇ ನಡೆಯಲ್ಲಿ ಆನೆಯನ್ನು ಎಚ್1ಕ್ಕೆ ತಂದು ಸುಮ್ನೆ ಬಲಿ ಕೊಟ್ಟು ಗೆದ್ದುಬಿಟ್ಟರು. ಆ ಆನೆ ಇಡುವಾಗ ನೀನು ಬೋರ್ಡಿನ ಮೇಲೆ ಟಪ್ ಅಂತ ಕುಟ್ಟುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ.

ನಾನು ಎಂದಿನಂತೆ ಹಳೆಯ ಕಾಲದ ಆಟಗಾರ ರೇಟಿಯನ್ನು ಕರೆದುಕೊಂಡು ಬರುತ್ತೇನೆ. 1924, ನ್ಯೂಯಾರ್ಕ್. ವಿಶ್ವ ಚಾಂಪಿಯನ್ ಕಪಾಬ್ಲಾಂಕಾ ಎಂಟು ವರ್ಷದಿಂದ ಸೋತೇ ಇರಲಿಲ್ಲ. ಅಂಥವರ ಎದುರು ರೇಟಿ ಕುದುರೆಯನ್ನು ಎಫ್3ಕ್ಕೆ ಇಟ್ಟರು, ಆಮೇಲೆ ಸಿ4, ಆಮೇಲೆ ಬಿ4. ನಡುವಿನ ಮನೆಗಳಿಗೆ ತಾವು ಹೋಗಿ ಕೂರಲಿಲ್ಲ. ಪಕ್ಕದಲ್ಲಿ ಒಂಟೆ ಇಟ್ಟು, ಅಲ್ಲಿಂದಲೇ ನಡುವನ್ನು ನೋಡುತ್ತಾ ಕಾದರು. 31ನೇ ನಡೆಗೆ ವಿಶ್ವ ಚಾಂಪಿಯನ್ ಆಟ ಬಿಟ್ಟುಕೊಟ್ಟರು. ನಿನಗೆ ಲಾರ್ಸನ್, ನನಗೆ ರೇಟಿ. ನಮ್ಮ ಜಗಳ ಹಳದಿ ಪೆನ್ಸಿಲ್ ಕಾಲದಿಂದ ಒಂದಿಂಚೂ ಮುಂದೆ ಹೋಗಿಲ್ಲ, ಹೋಗುವುದೂ ಬೇಡ.

ನನಗೆ ಸಿ4 ಯಾಕೆ ಇಷ್ಟ ಅಂತ ನಿನಗೆ ಒಂದು ಸಲವೂ ಸರಿಯಾಗಿ ಹೇಳಿಲ್ಲ ಅನ್ನಿಸುತ್ತದೆ. 1843ರಲ್ಲಿ ಪ್ಯಾರಿಸ್‌ನಲ್ಲಿ ಸ್ಟಾಂಟನ್ ಅದನ್ನು ಸೇಂಟ್ ಅಮಾಂಟ್ ಎದುರು ಆಡಿದರು, ಸ್ಟಾಂಟನ್ ಇಂಗ್ಲಿಷರಾದ್ದರಿಂದ ಆ ಶುರುವಿನ ನಡೆಗೆ ಇಂಗ್ಲಿಷ್ ಓಪನಿಂಗ್ ಅಂತ ಹೆಸರಾಯಿತು. ಆ ಕಥೆ ಎಲ್ಲರಿಗೂ ಗೊತ್ತು. ನನ್ನ ಕಾರಣ ಬೇರೆ. 1987ರಲ್ಲಿ ಸೆವಿಲ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ 24ನೇ ಆಟ, ಅಂದರೆ ಕಟ್ಟಕಡೆಯ ಆಟ, ಗೆದ್ದರೆ ಮಾತ್ರ ಪಟ್ಟ ಉಳಿಯುತ್ತದೆ ಅನ್ನುವ ಸ್ಥಿತಿಯಲ್ಲಿ ಕೂತಿದ್ದರು. ಆ ಆಟ ಡ್ರಾ ಆದರೂ ಎದುರಾಳಿ ಕಾರ್ಪೋವ್ ಚಾಂಪಿಯನ್. ಅಂಥ ದಿನ ಅವರು ಆಡಿದ ಮೊದಲ ನಡೆ ಸಿ4. ಮೇಲೆ ಬಿದ್ದು ಹೊಡೆಯಲು ಹೋಗಲಿಲ್ಲ. ಕಾಯಿಗಳನ್ನು ಬೋರ್ಡಿನ ಮೇಲೆ ಇಟ್ಟುಕೊಂಡು, ಗಂಟೆಗಟ್ಟಲೆ ಒತ್ತಿ, ಮರುದಿನಕ್ಕೆ ಮುಂದೂಡಿದ ಆಟವನ್ನು ಗೆದ್ದು, ಒಟ್ಟು ಅಂಕ 12-12 ಸಮ ಮಾಡಿ ಪಟ್ಟ ಉಳಿಸಿಕೊಂಡರು. ಅವಸರ ಮಾಡಲೇಬೇಕಾದ ದಿನ ಅವಸರ ಮಾಡದೆ ಕೂತರಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಂಡಿತ್ತು. ನಾನೂ ಅಂಥ ಆಟಗಾರ ಆಗಬೇಕು ಅಂತ ಆಸೆ ಇತ್ತು. ತಾಳ್ಮೆಯವನು ಅನ್ನಿಸಿಕೊಳ್ಳುವ ಆಸೆ. ಈ ಮಾತು ನೆನಪಿಟ್ಟುಕೋ, ಮುಂದೆ ಬರುತ್ತದೆ.

ಆಟಕ್ಕೆ ಬರುತ್ತೇನೆ. ಬೋರ್ಡ್ ಇಟ್ಟುಕೊಂಡೇ ಓದುತ್ತೀಯ, ಅಲ್ವಾ?

ಎದುರಾಳಿ ಹಿರಿಯರು. ನಮಗಿಂತ ತುಂಬಾ ದೊಡ್ಡವರು. ಜಾಸ್ತಿ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದೆ, ಆಗಾಗ ಎದ್ದು ಓಡಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಅಂತ ಕೈ ಕುಲುಕುವಾಗಲೇ ಹೇಳಿದರು. ಹಾಗೆಯೇ ಮಾಡಿದರು. ನಡೆ ಆಡುವುದು, ಕ್ಲಾಕ್ ಒತ್ತುವುದು, ದುಂಡಗಿನ ಅಕ್ಷರದಲ್ಲಿ ನಡೆಯನ್ನು ಸ್ಕೋರ್‌ಶೀಟಿನಲ್ಲಿ ಬರೆಯುವುದು, ಪೆನ್ನನ್ನು ಶೀಟಿನ ಮೇಲೆ ಅಡ್ಡ ಇಟ್ಟು ಎದ್ದು ಹೋಗುವುದು. ತಲಾ 90 ನಿಮಿಷ, ಪ್ರತಿ ನಡೆಗೆ ಇನ್ನೂ 30 ಸೆಕೆಂಡ್. ಅವರಿಗೆ ಅವಸರ ಇರಲಿಲ್ಲ.

ಸಿ4 ಇ5, ಜಿ3 ಕುದುರೆ ಎಫ್6, ಒಂಟೆ ಜಿ2 ಡಿ5. ಡಿ5ರಲ್ಲಿ ಪಾನ್ ಹೊಡೆದೆ, ಅವರ ಕುದುರೆ ವಾಪಸ್ ಹೊಡೆಯಿತು, ನಾನು ಕುದುರೆ ಸಿ3, ಅವರು ಕುದುರೆಯನ್ನು ಬಿ6ಕ್ಕೆ ಹಿಂದೆ ತೆಗೆದರು. ಸಿಸಿಲಿಯನ್ ಅನ್ನುವ ಓಪನಿಂಗನ್ನು ತಿರುಗಿಸಿದ ಹಾಗೆ. ಅದರಲ್ಲಿ ಕಪ್ಪಿನವರು ಆಡುವ ಡ್ರ್ಯಾಗನ್ ಅನ್ನುವ ಬಗೆಯನ್ನು ನಾನು ಬಿಳಿಯಲ್ಲಿ, ಒಂದು ನಡೆ ಮುಂದಿದ್ದುಕೊಂಡು ಆಡುತ್ತಿದ್ದೆ. ಇಬ್ಬರೂ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಆನೆಯ ಮರೆಗೆ ಸರಿಸಿದೆವು. ನಾನು ಎ3, ಬಿ4, ಆನೆ ಬಿ1, ಡಿ3. ಅವರು ಒಂಟೆಗಳನ್ನು ಇ7 ಮತ್ತು ಇ6ರಲ್ಲಿ ಇಟ್ಟು, ಎಫ್6 ಆಡಿ, ರಾಣಿಯನ್ನು ಡಿ7ಕ್ಕೆ ತಂದರು. 12ನೇ ನಡೆಯಲ್ಲಿ ನಾನು ಎಫ್3ರ ಕುದುರೆಯನ್ನು ಡಿ2ಕ್ಕೆ ಇಳಿಸಿದೆ. ಜಿ2ರ ಒಂಟೆಗೆ ಇಡೀ ಕರ್ಣ ತೆರೆದುಕೊಂಡಿತು. ಆ ಕ್ಷಣ ನನಗೆ ಯಾವತ್ತೂ ಇಷ್ಟ. ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಒಂಟೆ ಸಿ6ರ ಕುದುರೆಯವರೆಗೂ, ಅದರಾಚೆ ಬಿ7ರವರೆಗೂ ನೋಡಲು ಶುರು ಮಾಡುತ್ತದೆ.

ಅವರು ಎ8ರ ಆನೆಯನ್ನು ಡಿ8ಕ್ಕೆ ತಂದರು. ಬರೆದರು. ಪೆನ್ನು ಅಡ್ಡ ಇಟ್ಟು ಎದ್ದು ಹೋದರು.

ನಾನು ಒಂಟೆಯನ್ನು ಎತ್ತಿದೆ.

ಸಿ6ರ ಕುದುರೆ ಹೊಡೆಯಬೇಕು ಅಂತ. ಬಿ7ರ ಪಾನಿನಿಂದ ವಾಪಸ್ ಹೊಡೆದರೆ ಅವರ ಪಾನುಗಳು ಒಂದರ ಹಿಂದೊಂದು ನಿಂತು ಕೆಡುತ್ತವೆ, ಅಷ್ಟೇ ತಲೆಯಲ್ಲಿ ಇದ್ದದ್ದು. ಕೈ ಸಿ6ರವರೆಗೂ ಹೋಗಿತ್ತು. ಅವರ ಕುದುರೆಯ ತಲೆಯ ಮೇಲೆ ಬೆರಳು ಇಟ್ಟಿದ್ದೆ, ತೆಗೆಯಲು. ಆಗ ಕಂಡಿತು. ಅವರು ಪಾನಿನಿಂದ ಹೊಡೆಯುವುದಿಲ್ಲ, ರಾಣಿಯಿಂದ ಹೊಡೆಯುತ್ತಾರೆ. ರಾಣಿ ಸಿ6ಕ್ಕೆ ಬಂದರೆ ಸಿ3ರ ಕುದುರೆಗೆ ಕಾವಲಿಲ್ಲ. ಅತ್ತ ಜಿ2 ಖಾಲಿ. ಇ6ರ ಒಂಟೆ ಎಚ್3ಕ್ಕೆ ಬಂದರೆ ಜಿ2ರಲ್ಲಿ ಮೇಟ್, ಆಟವೇ ಮುಗಿಯುತ್ತದೆ. ಎದೆ ಧಸಕ್ಕೆಂದಿತು.

ಮುಟ್ಟಿದ ಕಾಯಿಯನ್ನು ಆಡಲೇಬೇಕು ಅನ್ನುವ ನಿಯಮ ಗೊತ್ತಿದ್ದೂ ಒಂಟೆಯನ್ನು ವಾಪಸ್ ಜಿ2ರಲ್ಲಿ ಇಟ್ಟೆ.

ಇಟ್ಟು ತಲೆ ಎತ್ತಿ ನೋಡಿದೆ. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ನಾನು ಮೊದಲು ಬೋರ್ಡ್ ನೋಡಲಿಲ್ಲ. ಮೊದಲು ಸುತ್ತ ನೋಡಿದೆ. ಪಕ್ಕದ ಬೋರ್ಡಿನವರು ತಲೆ ಬಗ್ಗಿಸಿ ಕೂತಿದ್ದರು. ತೀರ್ಪು ಕೊಡುವ ಆರ್ಬಿಟರ್ ದೂರದ ಸಾಲಿನಲ್ಲಿ ಯಾರದೋ ಕ್ಲಾಕ್ ಸರಿ ಮಾಡುತ್ತಿದ್ದರು. ನಮ್ಮ ಹಿರಿಯರು ಬೆನ್ನು ತಿರುಗಿಸಿ ಬೇರೆ ಆಟ ನೋಡುತ್ತಿದ್ದರು. ಯಾರೂ ನೋಡಿಲ್ಲ ಅಂತ ಖಾತ್ರಿ ಆದ ಮೇಲೆ ಬೋರ್ಡ್ ನೋಡಿದೆ.

ಒಂಟೆಯನ್ನು ಎಚ್1ಕ್ಕೆ ಸರಿಸಿಬಿಡಬಹುದಿತ್ತಲ್ಲ, ಮುಟ್ಟಿದ ಕಾಯಿಯನ್ನೇ ಆಡಿದ ಹಾಗೂ ಆಗುತ್ತಿತ್ತು, ಕರ್ಣವೂ ಉಳಿಯುತ್ತಿತ್ತು ಅಂತ ನಿನಗೆ ತಕ್ಷಣ ಹೊಳೆದಿರುತ್ತದೆ. ಆಗುವುದಿಲ್ಲ. ಅವರ ಕುದುರೆಯನ್ನೂ ಮುಟ್ಟಿದ್ದೆ. ನನ್ನದೊಂದು, ಅವರದೊಂದು ಮುಟ್ಟಿದ ಮೇಲೆ, ನಿಯಮದ ಪ್ರಕಾರ ಹೊಡೆಯಲು ಬರುವುದಾದರೆ ಹೊಡೆಯಲೇಬೇಕು. ಆ ಆಟದ 13ನೇ ನಡೆ ಒಂದೇ ಒಂದು. ಅದನ್ನು ನಾನು ಆಡಲಿಲ್ಲ.

ಕುದುರೆಯನ್ನು ಡಿ2ರಿಂದ ಬಿ3ಕ್ಕೆ ಇಟ್ಟು ಕ್ಲಾಕ್ ಒತ್ತಿದೆ. ಬರೆಯುವಾಗ ಅಕ್ಷರ ನಡುಗಿದೆ. ಶೀಟ್ ನನ್ನ ಮುಂದೆಯೇ ಇದೆ, 12ನೇ ನಡೆ ನೆಟ್ಟಗಿದೆ, 13 ಸೊಟ್ಟಗಿದೆ.

ಅವರು ಬಂದು ಕೂತರು. ತುಂಬಾ ಹೊತ್ತು ಯೋಚಿಸಿ ಕುದುರೆಯನ್ನು ಡಿ4ಕ್ಕೆ ಇಟ್ಟರು. ನಾನು ಕುದುರೆ ಸಿ5, ರಾಣಿಗೂ ಒಂಟೆಗೂ ಒಟ್ಟಿಗೇ ಏಟು. ಅವರು ಇ7ರ ಒಂಟೆಯಿಂದ ಹೊಡೆದರು. ಅಲ್ಲಿಗೆ ಆಟ ಹೋಯಿತು. ಬಿ4ರ ಪಾನಿನಿಂದ ವಾಪಸ್ ಹೊಡೆದೆ. ಬಿ ಸಾಲು ನನ್ನ ಆನೆಗೆ ತೆರೆಯಿತು, ಬಿ6ರ ಕುದುರೆಗೆ ಏಟು, ಅದು ಸಿ8ಕ್ಕೆ ಓಡಿದ ಕೂಡಲೇ ಆನೆ ಬಿ7ರಲ್ಲಿ. ಆ ಆನೆಗೆ ಏಳನೇ ಸಾಲಿನಲ್ಲಿ ಕಾವಲು ಯಾರು ಗೊತ್ತಾ? ಜಿ2ರ ಒಂಟೆ. ಮೂರು ನಡೆ ಹಿಂದೆಯೇ ಬೋರ್ಡಿನ ಮೇಲಿಂದ ಹೋಗಿರಬೇಕಿದ್ದ ಒಂಟೆ. ಅಲ್ಲಿಂದ ಮುಂದೆ ಪ್ರತಿ ನಡೆಗೂ ಅದು ನನಗೆ ಕಾಣುತ್ತಿತ್ತು. ಬೇರೆ ಕಾಯಿಗಳನ್ನು ನೋಡಿದರೂ ಅದೇ ಕಾಣುತ್ತಿತ್ತು. 41ನೇ ನಡೆಗೆ ಅವರು ಕ್ಲಾಕ್ ನಿಲ್ಲಿಸಿ ಕೈ ಚಾಚಿದರು.

ಇಲ್ಲಿಗೆ ಮುಗಿದಿದ್ದರೆ ನಾನು ನಿನಗೆ ಬರೀ ಆಟ ಕಳಿಸಿ ಸುಮ್ಮನಿರುತ್ತಿದ್ದೆನೋ ಏನೋ. ಅವರು ಎದ್ದು ಹೋಗಲಿಲ್ಲ. ಒಂದು ಸಲ ನೋಡೋಣವೇ ಅಂದರು. ಹೊರಗೆ ಬಂದು ಇಬ್ಬರೂ ಕಾಯಿ ಜೋಡಿಸಿದೆವು. 13ನೇ ನಡೆಯ ಹತ್ತಿರ ಬಂದಾಗ ಅವರೇ ಕೈ ನಿಲ್ಲಿಸಿದರು. "ಇಲ್ಲಿ ನೀವು ಸಿ6 ಹೊಡೆಯುತ್ತೀರಿ ಅಂದುಕೊಂಡಿದ್ದೆ. ಎಲ್ಲರೂ ಹೊಡೆಯುತ್ತಾರೆ. ನೀವು ಹೊಡೆಯಲಿಲ್ಲ. ಒಳ್ಳೆಯ ತಾಳ್ಮೆ ನಿಮಗೆ" ಅಂದರು.

ತಾಳ್ಮೆ ಅಂದರು ಕಣೋ. ನಾನು ವರ್ಷಗಟ್ಟಲೆ ಯಾರ ಬಾಯಲ್ಲಾದರೂ ಕೇಳಬೇಕು ಅಂದುಕೊಂಡಿದ್ದ ಮಾತು ಅದೇ. ಆಗಲೇ ಹೇಳಬೇಕಿತ್ತು. ಬಾಯಿ ತೆರೆದದ್ದೂ ನಿಜ. "ಥ್ಯಾಂಕ್ಸ್ ಸರ್" ಅನ್ನುವುದು ಹೊರಗೆ ಬಂತು. ಅವರು ಬೆನ್ನು ತಟ್ಟಿ ಹೋದರು.

ರಾತ್ರಿ ಮನೆಗೆ ಬಂದು ಆ ಸ್ಥಾನ ಇಟ್ಟುಕೊಂಡು ಕೂತೆ. ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಇಂಜಿನ್ ಹಾಕಲಿಲ್ಲ, ಕೈಯಲ್ಲೇ ಆಡಿದೆ. ಒಂಟೆಯಿಂದ ಸಿ6 ಹೊಡೆ, ರಾಣಿ ವಾಪಸ್ ಹೊಡೆಯಲಿ. ಈಗ ಡಿ2ರ ಕುದುರೆ ಇ4ಕ್ಕೆ! ಸಿ3ಕ್ಕೂ ಕಾವಲು, ಜಿ2ಕ್ಕೆ ಬರುವ ದಾರಿಗೂ ಅಡ್ಡ. ಎಫ್5 ತಳ್ಳಿ ಕುದುರೆಯನ್ನು ಕೆಣಕಿದರೆ ನಾನು ಬಿ5 ತಳ್ಳಿ ರಾಣಿಯನ್ನು ಕೆಣಕಬಹುದು. ಒಂಟೆ ಎಚ್3ಕ್ಕೆ ಬಂದರೆ ಆನೆ ಇ1ಕ್ಕೆ ಸರಿಯುತ್ತದೆ. ಆಡಬಹುದಾದ ಆಟವೇ ಅದು. ಬಿಳಿ ಮನೆಗಳು ಸ್ವಲ್ಪ ಸಡಿಲ, ಅಷ್ಟೇ. ಹಗ್ಗವನ್ನು ಹಾವು ಅಂದುಕೊಂಡು ಹೆದರಿದ್ದೆ, ಆ ಹೆದರಿಕೆಗೆ ನಿಯಮ ಮುರಿದೆ. ಮುಟ್ಟಿದ್ದನ್ನು ಆಡಿ ಸೋತಿದ್ದರೆ ಒಂದು ಸೋಲು. ಮುಟ್ಟಿದ್ದನ್ನು ಆಡಿ ಗೆಲ್ಲುವ ಅವಕಾಶವೂ ಇತ್ತು. ಬೆಳಗಿನ ಜಾವದವರೆಗೂ ಅದನ್ನೇ ಮತ್ತೆ ಮತ್ತೆ ಇಟ್ಟು ನೋಡಿದೆ.

ನಿನಗೆ ನೆನಪಿದೆಯಲ್ಲ, ನಾನು ಕಿರಿಯರಿಗೆ ಹೇಳುವ, ಸ್ಪೇನಿನ ಲಿನಾರೆಸ್ ಪಂದ್ಯದ ಕಥೆ. 1994. ಹಂಗೇರಿಯ ಆಟಗಾರ್ತಿ ಜುಡಿತ್ ಪೋಲ್ಗಾರ್‌ಗೆ ಆಗ 17 ವರ್ಷ, ಎದುರಿಗೆ ಕಾಸ್ಪರೋವ್. ಕಾಸ್ಪರೋವ್ ಕುದುರೆಯನ್ನು ಸಿ5ರಲ್ಲಿ ಇಟ್ಟು, ಕ್ಷಣದಷ್ಟು ಕೈ ಬಿಟ್ಟು, ತಪ್ಪು ಕಂಡು ಅದೇ ಕುದುರೆಯನ್ನು ಎತ್ತಿ ಎಫ್8ಕ್ಕೆ ಇಟ್ಟರು. ಪೋಲ್ಗಾರ್ ಅಲ್ಲಿ ದೂರು ಕೊಡಲಿಲ್ಲ. ಆಟ ಸೋತರು. ಆಮೇಲೆ ವಿಡಿಯೊದಲ್ಲಿ ಬೆರಳು ಕಾಯಿ ಬಿಟ್ಟದ್ದು ಕಂಡಿತು. ಈ ಕಥೆ ಹೇಳುವಾಗಲೆಲ್ಲ ನನ್ನ ದನಿ ಏರುತ್ತಿತ್ತು. ಕೈ ಬಿಟ್ಟರೆ ಮುಗಿಯಿತು, ಮುಟ್ಟಿದರೆ ಆಡಬೇಕು, ಇಷ್ಟೇ ಚೆಸ್, ಉಳಿದದ್ದೆಲ್ಲ ಆಮೇಲೆ ಅನ್ನುತ್ತಿದ್ದೆ. ಯಾವ ಚಾಂಪಿಯನ್ ಮೇಲೆ ಅಷ್ಟು ಅಭಿಮಾನವೋ ಅವರನ್ನೂ ಆ ವಿಷಯದಲ್ಲಿ ಬಿಡುತ್ತಿರಲಿಲ್ಲ. ಅವರದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮಾತು. ನಾನು ಎತ್ತಿದೆ, ಬೋರ್ಡ್ ದಾಟಿಸಿದೆ, ವಾಪಸ್ ಇಟ್ಟೆ, ಸುತ್ತ ನೋಡಿದೆ.

ಇಷ್ಟು ಹೇಳಿ ನಿಲ್ಲಿಸಬೇಕು ಅಂತ ಕೂತಿದ್ದೆ. ನಿಜವಾಗಿ. ಇನ್ನು ಮುಂದಿನದು ಬರೆಯುವ ಯೋಚನೆ ಇರಲಿಲ್ಲ.

ನಮ್ಮಿಬ್ಬರ ಆಟ. ಗೊತ್ತಲ್ಲ ಯಾವುದು ಅಂತ. ಟೀಮಿನಲ್ಲಿ ನೀನು ಮೂರು, ನಾನು ನಾಲ್ಕು. ಆ ವರ್ಷ ಬಿಡಿ ಪಂದ್ಯದಲ್ಲಿ ಇಬ್ಬರೂ ಎದುರಾದೆವು. ಆನೆಗಳು ಮಾತ್ರ ಉಳಿದಿದ್ದ ಆಟ, ನಿನಗೆ ಒಂದು ಪಾನ್ ಜಾಸ್ತಿ. ನಡೆ ನಿನ್ನದು. ನಿನ್ನ ರಾಜ ಮನೆಯ ಅಂಚಿನಲ್ಲಿ ವಾರೆಯಾಗಿ ನಿಂತಿತ್ತು. ನೀನು ಬೆರಳಿನಿಂದ ಅದನ್ನು ಮನೆಯ ಮಧ್ಯಕ್ಕೆ ತಳ್ಳಿದೆ. ನಾನು ಕೈ ಎತ್ತಿದೆ, ಆರ್ಬಿಟರ್ ಬಂದರು. ನೀನು "ಅಡ್ಜಸ್ಟ್ ಅಂತ ಹೇಳಿದ್ದೆ" ಅಂದೆ. ಹಾಗೆ ಮೊದಲೇ ಹೇಳಿ ಮುಟ್ಟಿದರೆ ಕಾಯಿ ಸರಿ ಮಾಡಿದ ಲೆಕ್ಕ, ಅದನ್ನು ಆಡಬೇಕಿಲ್ಲ. ಅವರು ನನ್ನನ್ನು ಕೇಳಿದರು. ನಾನು "ನನಗೆ ಕೇಳಿಸಲಿಲ್ಲ" ಅಂದೆ.

ಅವರು ನಿಯಮ ಏನೋ ಅದನ್ನೇ ಹೇಳಿದರು. ರಾಜ ಆ ಮನೆ ಬಿಟ್ಟು ಎಲ್ಲಿಗೆ ಹೋದರೂ ನಿನ್ನ ಪಾನ್ ಬೀಳುತ್ತಿತ್ತು. ಬಿತ್ತು. ನೀನು ಒಂದು ಸಲ ನನ್ನ ಮುಖ ನೋಡಿ, ಆಟ ಮುಂದುವರಿಸಿ, ಸೋತು, ಕೈ ಕುಲುಕಿ, ಹೊರಗೆ ಬಂದು ನನಗಾಗಿ ಕಾಯುತ್ತಾ ನಿಂತಿದ್ದೆ. ನಾನು ಬಂದಾಗ ನೀನು ಕೇಳಿದ ಮೊದಲ ಮಾತು ಅದೇ. ಕೇಳಿಸ್ತಾ? ಇಬ್ಬರೂ ನಕ್ಕೆವು. ಅವತ್ತಿನಿಂದ ಅದು ನಮ್ಮ ತಮಾಷೆ ಆಯಿತು.

ಕೇಳಿಸಿತ್ತು.

ನೀನು ಮೆಲ್ಲಗೆ ಹೇಳಿದ್ದೆ, ಆದರೆ ಹೇಳಿದ್ದೆ. ನನಗೆ ಕೇಳಿಸಿತ್ತು. ಇಷ್ಟು ವರ್ಷ ನಾನು ಅದನ್ನು ಹೇಗೆ ಇಟ್ಟುಕೊಂಡಿದ್ದೆ ಅಂದರೆ, ಸರಿಯಾಗಿ ಕೇಳಿಸಿರಲಿಲ್ಲ, ಆಮೇಲೆ ನೀನು ಹೇಳಿದ ಮೇಲೆ ಕೇಳಿಸಿದ ಹಾಗೆ ಅನ್ನಿಸಿರಬೇಕು, ಗದ್ದಲ ಇತ್ತು, ಹೀಗೆಲ್ಲ. ನನ್ನೊಳಗೇ ಒಬ್ಬ ಆರ್ಬಿಟರ್‌ನನ್ನು ಕೂರಿಸಿ ಅವನಿಗೆ ಇದನ್ನೇ ಹೇಳುತ್ತಾ ಬಂದೆ. ಆ ರಾತ್ರಿ ಒಂಟೆಯನ್ನು ಕೈಯಲ್ಲಿ ಹಿಡಿದು ಕೂತಿದ್ದಾಗ ಒಮ್ಮೆಲೇ ನಿನ್ನ ದನಿ ಕೇಳಿಸಿತು. ಅಡ್ಜಸ್ಟ್. ಎಷ್ಟು ಸ್ಪಷ್ಟ! ನಿನಗೆ ಆಗ ಸ್ವಲ್ಪ ನೆಗಡಿ ಇತ್ತು, ಅದೂ ನೆನಪಾಯಿತು. ನೆಗಡಿಯ ದನಿ ನೆನಪಿರುವವನಿಗೆ ಮಾತು ಕೇಳಿಸಿರಲಿಲ್ಲ ಅಂದರೆ ಯಾರು ನಂಬುತ್ತಾರೆ?

ನೀನು ಅದಾದ ಮೇಲೆ ಎರಡು ಪಂದ್ಯ ಆಡಿ ಬಿಟ್ಟೆ. ಕೆಲಸ, ಓಡಾಟ ಅಂದೆ. ನಾನು ನಂಬಿದೆ, ನಂಬುವುದು ಸುಲಭ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲದೆಯೂ ಇರಬಹುದು. ಫೋನಿನಲ್ಲಿ ಪ್ರತಿ ಸಲ ಕೇಳಿಸ್ತಾ ಅಂತ ಕೇಳುವಾಗ ನೀನು ತಮಾಷೆ ಮಾಡುತ್ತಿದ್ದೆಯಾ, ಇಲ್ಲ ಉತ್ತರಕ್ಕೆ ಕಾಯುತ್ತಿದ್ದೆಯಾ? ಇದೊಂದು ನನಗೆ ಗೊತ್ತಾಗಬೇಕು. ಗೊತ್ತಾಗದಿದ್ದರೂ ಕೇಳಿಸಿತ್ತು ಅಂತ ನಾನು ಹೇಳಬೇಕಿತ್ತು. ಅವತ್ತು ಹತ್ತಾರು ಜನರ ಮುಂದೆ ಕೇಳಿಸಲಿಲ್ಲ ಅಂದೆ. ಅದಕ್ಕೇ ಇದನ್ನು ನಿನ್ನ ಕಿವಿಯಲ್ಲಿ ಮಾತ್ರ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ.

ಹಿರಿಯರಿಗೂ ಹೇಳಬೇಕು. ಫಲಿತಾಂಶಕ್ಕೆ ಇಬ್ಬರೂ ಸಹಿ ಹಾಕಿ ಆಗಿದೆ, ಅದು ಬದಲಾಗುವುದಿಲ್ಲ. ಆದರೆ ಆ ತಾಳ್ಮೆ ಅನ್ನುವ ಮಾತನ್ನು ನಾನು ವಾಪಸ್ ಕೊಡಬೇಕು. ಮುಂದಿನ ಪಂದ್ಯದ ಪಟ್ಟಿಯಲ್ಲಿ ಅವರ ಹೆಸರಿದೆ, ನೋಡಿದೆ. ಮೊದಲ ಸುತ್ತಿಗೂ ಮುಂಚೆ ಹೋಗಿ ಹೇಳುತ್ತೇನೆ. ಸುತ್ತುಗಳೆಲ್ಲ ಮುಗಿದ ಮೇಲೆ ಹೇಳೋಣ ಅಂದುಕೊಂಡರೆ ಮುಗಿದ ಮೇಲೆ ಇನ್ನೇನೋ ಹೊರಗೆ ಬರುತ್ತದೆ.

ಅಬ್ಬಾ. ಎಲ್ಲಿಂದ ಎಲ್ಲಿಗೆ ಬಂದೆ ನೋಡು. ಬರೀ ಆಟ ತೋರಿಸಲು ಕೂತಿದ್ದು.

ಸರಿ, ಬೇರೆ ವಿಷಯ. ಆಟದಲ್ಲಿ ಒಂದು ಅನುಮಾನ ಉಳಿದಿದೆ, ನಿನ್ನ ಕಣ್ಣು ಬೇಕು. 14ನೇ ನಡೆಯಲ್ಲಿ ಅವರು ಸಿ5 ಹೊಡೆಯುವ ಬದಲು ರಾಣಿಯನ್ನು ಸಿ8ಕ್ಕೆ ತೆಗೆದಿದ್ದರೆ? ಬಿ7ಕ್ಕೆ ಕಾವಲು ಸಿಗುತ್ತದೆ, ಬಿ ಸಾಲೂ ಮುಚ್ಚಿರುತ್ತದೆ. ನಾನು ಇ6ರ ಒಂಟೆ ಹೊಡೆದು ನೋಡಿದೆ, ಅಷ್ಟೇನೂ ಸಿಗಲಿಲ್ಲ. ನಿನಗೆ ಏನಾದರೂ ಕಂಡರೆ ಹೇಳು. ಹತ್ತು ನಿಮಿಷದಲ್ಲಿ ಕಾಣುತ್ತದೆ ಅಂತ ನನಗೆ ಗೊತ್ತು, ನಿನ್ನ ಆ ಹಾಳು ಕಣ್ಣಿಗೆ ಯಾವಾಗಲೂ ಕಾಣುತ್ತದೆ.

ಹಾಗೇ ಇನ್ನೊಂದು. ನಮ್ಮ ಆ ಆನೆಗಳ ಆಟವನ್ನು ರಾಜನ ನಡೆಗೂ ಮುಂಚಿನ ಸ್ಥಾನದಿಂದ ಮತ್ತೆ ಆಡೋಣ. ನನ್ನ ಸ್ಕೋರ್‌ಶೀಟ್ ಇದೆ. ದಿನಕ್ಕೊಂದು ನಡೆ ಕಳಿಸಿದರೆ ಸಾಕು. ನಡೆ ನಿನ್ನದು, ಪಾನ್ ಜಾಸ್ತಿ ನಿನಗೇ, ರಾಜ ಮನೆಯ ಮಧ್ಯದಲ್ಲೇ ನಿಂತಿದ್ದಾನೆ, ನಾನೇ ಸರಿ ಮಾಡಿ ಇಟ್ಟಿದ್ದೇನೆ. ಅದು ಮುಗಿದ ಮೇಲೆ ಹೊಸ ಆಟ. ನೀನು ಏನೇ ಅನ್ನು, ನಾನು ಸಿ4 ಆಡುತ್ತೇನೆ. ನೀನು ಲಾರ್ಸನ್ ಹೆಸರು ಎತ್ತು, ಟಪ್ ಅಂತ ಆನೆ ಕುಟ್ಟು. ಹಳದಿ ಪೆನ್ಸಿಲ್ ಇನ್ನೂ ನನ್ನ ಹತ್ತಿರವೇ ಇದೆ, ಅದನ್ನು ಮಾತ್ರ ಕೊಡುವುದಿಲ್ಲ.

ಫೋನ್ ಮಾಡು. ಮೆಲ್ಲಗೆ ಮಾತಾಡಿದರೂ ಪರವಾಗಿಲ್ಲ.

ನಿನ್ನ,
ನಾಲ್ಕನೇ ಬೋರ್ಡ್